ಬಾಚಣಿಗೆ ತಾಗದ ತಲೆ

ಶಿಗೆನೊಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಗಂಡ ಯಸೊಕಿಚಿ ತೀರಿಹೋಗಿ ಎರಡು ತಿಂಗಳು. ಕ್ಯೋಟೊದ ಸ್ಟುಡಿಯೊದಲ್ಲಿ ಇಬ್ಬರೂ ಇಪ್ಪತ್ತು ವರ್ಷ ನಟರಿಗೆ ವಿಗ್ಗು ಕಟ್ಟಿದವರು.

ಶನಿವಾರ ಟೀವಿಯಲ್ಲಿ ಬರುವ ಅಲೆಮಾರಿ ಕತ್ತಿಗಾರನ ವಿಗ್ಗು ಯಸೊಕಿಚಿಯ ಕೈಯದು. ಆ ಕತ್ತಿಗಾರ ದುಡ್ಡಿಗೆ ಕೊಲ್ಲುವವನು, ಯಾವ ದೊರೆಗೂ ಬಗ್ಗದವನು. ಆ ಕಾಲದ ಕತ್ತಿಗಾರರು ನೆತ್ತಿ ಬೋಳಿಸಿ ಜುಟ್ಟು ಕಟ್ಟುವವರು; ಇವನದು ಬೋಳಿಸಿ ಎಷ್ಟೋ ದಿನವಾದ ಹಾಗೆ ಕೆದರಿರಬೇಕು. ನೀಟಾದ ಜುಟ್ಟು ಯಾರು ಬೇಕಾದರೂ ಕಟ್ಟಿಯಾರು. ಕೆದರಿದ್ದು ನಿಜ ಅನ್ನಿಸಬೇಕಾದರೆ ಒಂದೊಂದು ಎಳೆಯನ್ನೂ ನೋಡಿ ಇಡಬೇಕು. ಗಂಡ ಸತ್ತ ಮೇಲೆ ಶಿಗೆನೊ ಆ ವಿಗ್ಗಿಗೆ ಬಾಚಣಿಗೆ ತಾಗಿಸಿರಲಿಲ್ಲ. ಬೆರಳಲ್ಲಿ ಧೂಳು ಕೊಡವುತ್ತಿದ್ದಳು, ಅಷ್ಟೆ. ಗಂಡನ ಕೈ ಅದೊಂದರಲ್ಲೇ ಉಳಿದಿತ್ತು.

ಹೊಸ ನಿರ್ದೇಶಕ ಬಂದ.

"ಏನಮ್ಮಾ ಇದು, ಕೋಳಿ ಕೆದಕಿದ ತಿಪ್ಪೆ! ಬಾಚಿ ಎಣ್ಣೆ ಹಚ್ಚಿ. ಹೆಂಗಸರು ನೋಡೋ ಕತೆ."

"ಅವರು ನೋಡೋದೇ ಇದಕ್ಕೆ, ಸ್ವಾಮಿ."

"ಅರ್ಧ ಗಂಟೆ ಟೈಮು."

ಆಗಲ್ಲ ಅನ್ನಬಹುದಿತ್ತು. ಇಪ್ಪತ್ತು ವರ್ಷದಲ್ಲಿ ಯಾವ ನಿರ್ದೇಶಕನಿಗೂ ಅಂದವಳಲ್ಲ. ಬಾಗಿಲ ತನಕ ಮೂರು ಸಲ ಹೋಗಿಬಂದಳು. ಬಾಚಿದಳು.

ಕತ್ತಿಗಾರನ ಪಾತ್ರದ ಕುಗಾ ಕನ್ನಡಿ ನೋಡಿಕೊಂಡ. "ಅಕ್ಕಾ, ಯಾರದೋ ಮನೆಯಳಿಯನ ಥರ ಕಾಣ್ತೀನಲ್ಲ!"

ಶೂಟಿಂಗಿನಲ್ಲಿ ಅವನು ಕತ್ತಿ ಹಿರಿದರೆ ಸಾಯಬೇಕಾದವರೇ ನಕ್ಕರು. ನಿರ್ದೇಶಕನ ಮುಖ ಹುಳ್ಳಗಾಯಿತು. "ಮೊದಲಿನ ಹಾಗೇ ಮಾಡಿಬಿಡಿ."

ಮೊದಲಿನ ಹಾಗೆ. ಜಿಡ್ಡು ತೆಗೆದಳು. ಎಳೆ ಎಳೆಯಾಗಿ ಕೆದರಿದಳು. ಗಂಡ ಇಟ್ಟ ಕೂದಲು ಎಡಕ್ಕೆ ಬಿದ್ದಿರುತ್ತಿತ್ತು. ಇವಳು ಎಡಚಿ, ಇವಳ ಕೈಗೆ ಅದು ಬಲಕ್ಕೇ ಬಿತ್ತು. ನಾಲ್ಕು ಸಲ ಕೆಡಿಸಿ ಮಾಡಿದಳು. ಬರಲಿಲ್ಲ. ಕುಗಾ ಅದನ್ನೇ ಹಾಕಿಕೊಂಡು ಒಂಬತ್ತು ಜನರನ್ನು ಕಡಿದು, ತಿರುಗಿ ನೋಡದೆ ನಡೆದುಹೋದ.

"ಅದೇ! ಮೊದಲಿನ ಹಾಗೇ!" ಅಂದ ನಿರ್ದೇಶಕ.

ಅಲ್ಲ ಅನ್ನುವುದು ಅವಳೊಬ್ಬಳಿಗೆ ಗೊತ್ತು.

ಶನಿವಾರ ಟೀವಿ ಹಾಕಿದಳು, ಆರಿಸಿದಳು. ಭಾನುವಾರ ಬೀದಿಯ ಹೆಂಗಸರೆಲ್ಲ ಮೀಯುವ ಸ್ನಾನದ ಮನೆಯಲ್ಲಿ ತೋಫು ಅಂಗಡಿಯ ಹಿಸಾ ಇವಳ ಬೆನ್ನು ಉಜ್ಜಿಕೊಡುತ್ತ ಶುರುಮಾಡಿದಳು.

"ನಿನ್ನೆ ಕತ್ತಿಗಾರನ್ನ ನೋಡಿದ್ಯೇನೇ? ಯಾವತ್ತಿಗಿಂತ ಚೆನ್ನಾಗಿದ್ದ ಕಣೇ! ನನ್ ಗಂಡ ಅನ್ನೋದು ಗಂಟೆ ಹೊಡೆದ ಹಾಗೆ ಬಂದು ಅನ್ನ ಕೇಳತ್ತೆ. ಅವನಿಗೆ ನೋಡು, ಕಾಯೋರಿಲ್ಲ, ಕೇಳೋರಿಲ್ಲ. ಕೊಲೆಗಡುಕನೇ ಸರಿ, ಆದ್ರೂ ಒಲೆ ಆರಿಸಿ ಹಿಂದೇನೇ ಹೊರಟುಬಿಡೋಣ ಅನ್ಸತ್ತೆ."

"ಕೂದಲು ಬಲಕ್ಕೆ ಬಿದ್ದಿತ್ತು."

"ಯಾವ ಕಡೆ ಬಿದ್ರೇನೇ ನಿಂಗೆ!"

ಶಿಗೆನೊ ಸೋಪಿನ ಮೈಯಲ್ಲೇ ಎದ್ದಳು.

"ಇನ್ನೂ ಬಿಸಿನೀರಿನ ತೊಟ್ಟಿಗೇ ಇಳಿದಿಲ್ಲ, ಎಲ್ಲಿಗೇ?"

"ಗೊತ್ತಿಲ್ಲ."

ಮೇಲೆ ನೀರು ಸುರಿದುಕೊಂಡು ಹೊರಬಿದ್ದಳು. ಹಿಸಾ ಹೊಗಳಿದ್ದು ಶಿಗೆನೊಳ ಕೈಯನ್ನು, ಗಂಡನ ಕೈಯನ್ನಲ್ಲ. ಆ ಹೊಗಳಿಕೆ ಅವಳಿಗೆ ಬೇಕಿರಲಿಲ್ಲ.