ತೊಟ್ಟಿಲಿಗೆ ಬಂದ ಅಡ್ಡಹೆಸರು

ಹುನಗುಂದದ ದವಾಖಾನೆಯಲ್ಲಿ ಮಗಳು ಹಡೆದಳು, ಗಂಡು ಎಂದು ಸುದ್ದಿ ಬಂದಾಗ ಇಳಕಲ್ಲಿನ ನಮ್ಮ ಓಣಿಯ ತುಂಬ ಸಕ್ಕರೆ ಹಂಚಿದೆ. ಕೊಟ್ಟ ಮನೆಗೇ ಎರಡೆರಡು ಸಲ ಕೊಟ್ಟೆನಂತೆ. ಆಗ ಎಪ್ಪತ್ತರ ಇಸವಿಗಳು ಮುಗಿದು ಎಂಬತ್ತರವು ಹತ್ತಿದ್ದವು. ಹನ್ನೆರಡು ದಿನ ನನ್ನ ಕಾಲು ನೆಲ ಕಾಣಲಿಲ್ಲ.

ತೊಟ್ಟಿಲು ಶಾಸ್ತ್ರದ ಹಿಂದಿನ ಸಂಜೆ ಮಗಳು ಕೂಸಿಗೆ ಹಾಲು ಕುಡಿಸುತ್ತ ಅಂದಳು: "ಅವ್ವಾ, ಇವಂಗ ನಮ್ಮ ಮನಿತನದ ಅಡ್ಡಹೆಸರನ್ನ ಹೆಸರಾಗಿ ಇಡ್ತೇವಿ. ಬೆಲ್ಲದ."

"ಅಡ್ಡಹೆಸರು ಹಿಂದ ಇರೂದಲ್ಲೇನ?"

"ಅಪ್ಪಗ ನಾ ಒಬ್ಬಾಕಿ. ಅವರ ಹಿಂದ ಈ ಹೆಸರು ಯಾರಿಗೈತಿ? ಹಿಂದ ಇಡಾಕ ಬರೂದಿಲ್ಲ, ಮುಂದರ ಇರಲಿ."

ಅಳಿಯನೂ ಒಪ್ಪಿದ್ದನಂತೆ. ನನಗೆ ಕಣ್ಣು ತುಂಬಿತು. ತುಂಬಿದ ಮೇಲೆ ಹೊಳೆಯಿತು, ನಾನು ಇವನನ್ನು ಕರೆಯುವುದು ಹೇಗೆ?

ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಬಾಯಿ ಬಿಟ್ಟು ಹೇಳುವಂತಿಲ್ಲ. ನಮ್ಮ ಮನೆಯವರನ್ನೋ, ಮಗ್ಗದವರು, ಸಂತೆಯವರು, ಎಲ್ಲರೂ ಅಡ್ಡಹೆಸರಿನಿಂದಲೇ ಕರೆಯುವುದು. ನನ್ನ ಪಾಲಿಗೆ ಅದೇ ಅವರ ಹೆಸರಾಗಿಬಿಟ್ಟಿತ್ತು. ಹೆಸರಿಗಾದರೆ ಒಡಪು ಉಂಟು, ಹಾಡಿನಲ್ಲಿ ಸೇರಿಸಿ ಪಾರಾಗಬಹುದು. ಅಡ್ಡಹೆಸರಿಗೆ ಒಡಪು ಯಾರು ಕಟ್ಟಿದ್ದಾರೆ? ಅಂಗಡಿಯಲ್ಲಿ ಬೆಲ್ಲ ಬೇಕಾದರೂ "ಕೆಂಪಂದು ಒಂದು ಕಿಲೋ ಕೊಡ್ರಿ" ಅನ್ನುವವಳು ನಾನು. ಮೊದಲ ಸಲ ಅಂಗಡಿಯವ ಖಾರದ ಪುಡಿ ಕಟ್ಟಿ ಕೊಟ್ಟಿದ್ದ. ಈಗ ಬರೆಯುತ್ತಿದ್ದೀಯಲ್ಲ ಅಂದರೆ, ಬರೆಯಬಾರದು ಅಂತ ಯಾರೂ ಹೇಳಿಲ್ಲ. ಮೂರನೇ ಇಯತ್ತೆಗೆ ಸಾಲಿ ಬಿಟ್ಟವಳಿಗೆ ಅದನ್ನು ಯಾಕೆ ಹೇಳುತ್ತಾರೆ?

ಮರುದಿನ ಮುಂಜಾನೆ ಪಕ್ಕದ ಮನೆಯಾಕೆ ತೊಟ್ಟಿಲಿಗೆ ಹೂ ಕಟ್ಟುತ್ತ ನಕ್ಕಳು. "ಬೆಲ್ಲದ ಅಂತ ಇಟ್ರ ಸಾಲ್ಯಾಗ ಹುಡುಗರು, ಇರಿವಿ ಬಂದಾವ ನೋಡಲೇ ಅಂತ ಕಾಡಿಸ್ತಾವ." ಖರೆ ಅನಿಸಿತು. "ಆದರ ದೇವರಿಗೆ ಎಡಿ ಹಿಡದಂಗ ಐತಿ ಬಿಡ್ರಿ," ಅಂದಳು. ಅದೂ ಖರೆ ಅನಿಸಿತು.

ಬಾಗಲಕೋಟೆಯ ಬಸ್ಸಿಗೆ ಬೀಗರು ಬಂದರು. ಅಳಿಯನ ಅಕ್ಕ ಹೆಸರು ಕೇಳಿ ಸೆರಗು ಕೊಡವಿದಳು. "ನಮ್ಮ ಮನಿತನದ ಕೂಸಿನ ಮುಂದ ನಿಮ್ಮ ಅಡ್ಡಹೆಸರೇನ್ರಿ? ಕೂಸು ನಮ್ಮದೋ ನಿಮ್ಮದೋ?" ನಾನು ನಿಮ್ಮದೇ ಅಂದೆ. ಮಗಳು ನನ್ನನ್ನು ನೋಡಿದ ನೋಟಕ್ಕೆ, ನಮ್ಮದೂ ಅಂದೆ. ನಮ್ಮ ಮನೆಯವರು ಪಡಸಾಲೆಯಲ್ಲಿ ಅಡಕಿ ಕತ್ತರಿಸುತ್ತ ಕೂತಿದ್ದರು. ಕತ್ತರಿಸಿದ ಅಡಕಿಯನ್ನೇ ಮತ್ತೆ ಕತ್ತರಿಸುತ್ತಿದ್ದರು.

ಕೂಸಿನ ಕಿವಿಯಲ್ಲಿ ಕುರ್ರ್ ಅಂದು ಹೆಸರು ಹೇಳಬೇಕಾದವಳು ಸೋದರತ್ತೆ, ಅಂದರೆ ಅಳಿಯನ ಅಕ್ಕ. ಆಕೆ ತೊಟ್ಟಿಲ ಹತ್ತಿರ ಬಂದು ಕೈ ಕಟ್ಟಿ ನಿಂತಳು. "ಆ ಹೆಸರು ನನ್ನ ಬಾಯಾಗ ಬರೂದಿಲ್ಲ."

"ಹಂಗಾರ ನಮ್ಮವ್ವ ಹೇಳ್ತಾಳ," ಅಂದಳು ಮಗಳು.

"ಅಯ್ಯ ಯವ್ವಾ!" ಪಕ್ಕದ ಮನೆಯಾಕೆ ಬಾಯಿಗೆ ಕೈ ಹಿಡಿದಳು. "ಗಂಡ ಅಲ್ಲೇ ಪಡಸಾಲ್ಯಾಗ ಕುಂತಾರ, ಆಕಿ ಹೆಂಗ ಹೇಳ್ಯಾಳು?"

ಹೆಂಗಸರೆಲ್ಲ ನಕ್ಕರು. ಮಗಳು ನಗಲಿಲ್ಲ. ಆಗ ಹೇಳದಿದ್ದರೆ ಆ ಹೆಸರು ತೊಟ್ಟಿಲಿಗೆ ಬರುತ್ತಲೇ ಇರಲಿಲ್ಲ. ಹೇಳಿದರೆ ಪಾಪವೋ, ಹೇಳದಿದ್ದರೆ ಪಾಪವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಬಾಗಿದೆ. ಎಣ್ಣೆ, ಲೋಬಾನದ ವಾಸನೆ. ಕೂಸು ನನ್ನ ಮೂಗನ್ನೇ ನೋಡುತ್ತಿತ್ತು.

"ಕುರ್ರ್... ಬೆಲ್ಲದ!"

ಕಿವಿಯಲ್ಲಿ ಹೇಳಬೇಕಾದದ್ದು ಓಣಿಗೇ ಕೇಳುವಂತೆ ಬಂತು. ಹೆಸರು ಹೇಳಿದವರಿಗೆ ಹೆಂಗಸರು ಹಾಕುವ ಶಾಸ್ತ್ರದ ಗುದ್ದುಗಳು ಬೆನ್ನ ಮೇಲೆ ದಬದಬ ಬಿದ್ದವು. ಎಲ್ಲಕ್ಕಿಂತ ಜೋರು ಅಳಿಯನ ಅಕ್ಕನದು. ಅಷ್ಟರಲ್ಲಿ ಪಡಸಾಲೆಯಿಂದ "ಆಂ?" ಅಂತ ಕೇಳಿಸಿತು. ಅಡಕೊತ್ತು ಹಿಡಿದುಕೊಂಡೇ ನಮ್ಮ ಮನೆಯವರು ಬಾಗಿಲಿಗೆ ಬಂದು ನಿಂತಿದ್ದರು.

"ನಿಮಗಲ್ರೀ," ಅಂದೆ.

ಅವರು ಹೋಗಲಿಲ್ಲ. "ಇನ್ನೊಮ್ಮೆ ಅನ್ನು," ಅಂದರು. ಅದು ಕೂಸಿಗಾಗಿಯೋ ತಮಗಾಗಿಯೋ ತಿಳಿಯಲಿಲ್ಲ. ಅಂದೆ.