ಗಂಗಿ ಮೇಲಕ್ಕೆ ಬಂದಳು

ಕೋಲಾರದ ಚಿನ್ನದ ಗಣಿ ಮುಚ್ಚಿ ಎರಡು ಬೇಸಿಗೆ ಕಳೆದಿದ್ದ ಕಾಲವದು. ಕಂಪ್ಯೂಟರ್ ಅಂದರೆ ಶಾಲೆಯ ಬೀಗ ಹಾಕಿದ ಕೋಣೆಯಲ್ಲಿ ಬಟ್ಟೆ ಹೊದ್ದು ಕೂತಿರುವ ವಸ್ತು, ಅಷ್ಟೇ ನಮಗೆ ಗೊತ್ತಿದ್ದದ್ದು. ಅಂಥದ್ದರಲ್ಲಿ ಗಣಿಯವರ ಕಾಲೋನಿ ಕೋರಮಂಡಲ್‌ನಲ್ಲಿದ್ದ ನನ್ನ ಸೋದರಮಾವ ಒಂದನ್ನು ಮನೆಗೇ ತಂದುಬಿಟ್ಟ! ಇಪ್ಪತ್ತು ವರ್ಷ ಗಣಿಯೊಳಗೆ ಇಳಿದಿದ್ದ ಮಾವ ಆಗ ಮಾರಿಕುಪ್ಪಂ ರೈಲು ಹಿಡಿದು ಬೆಂಗಳೂರಿಗೆ ಹೋಗಿ ಒಂದು ಆಫೀಸಿನ ಬಾಗಿಲು ಕಾಯುತ್ತಿದ್ದ. ಆ ಆಫೀಸಿನವರು ಬೇಡವೆಂದದ್ದನ್ನು ಕೇಳಿ ಪಡೆದು, ದಾರಿಯುದ್ದಕ್ಕೂ ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದಿದ್ದ.

ಬೇಸಿಗೆ ರಜೆಗೆ ನಾನು ನಮ್ಮೂರು ಕ್ಯಾಸಂಬಳ್ಳಿಯಿಂದ ಅಲ್ಲಿಗೆ ಹೋಗಿದ್ದೆ. ಕಂಪ್ಯೂಟರಿನಲ್ಲಿ ಇದ್ದದ್ದು ಒಂದೇ ಆಟ. ತಲೆಗೆ ಕೆಂಪು ಬಟ್ಟೆ ಕಟ್ಟಿದ ಹುಡುಗಿಯೊಬ್ಬಳು ಪಾಳುಕೋಟೆಯ ಕೆಳಗಿನ ಸುರಂಗಕ್ಕೆ ಬೀಳುತ್ತಾಳೆ. ಹಾರಿ, ಜೋತಾಡಿ, ಹಾವು ಚೇಳು ಹೊಡೆದು ಮೇಲಕ್ಕೆ ಬರಬೇಕು. ಅವಳ ಹೆಸರು ಓದಲು ನಾಲಿಗೆ ಹೊರಳದೆ, ಗಂಗಿ ಎಂದು ನಾವೇ ನಾಮಕರಣ ಮಾಡಿದೆವು.

ಮೊದಲ ದಿನವೇ ಎಡವಟ್ಟಾಯಿತು. ಆಟವನ್ನು ನಡುವೆ ನಿಲ್ಲಿಸಿದಾಗ ತೆರೆಯ ಮೇಲೆ ನಾಲ್ಕು ಇಂಗ್ಲಿಷ್ ಅಕ್ಷರ ಬಂದವು. ಮಾವನ ಮಗಳು ಲತಾ ನನಗಿಂತ ಒಂದು ಕ್ಲಾಸು ಮುಂದೆ, ಆ ಜಂಬ ಬೇರೆ. ಎಸ್ಸು, ಏ, ವಿ, ಈ ಎಂದು ಬೆರಳಿಟ್ಟು ಕೂಡಿಸಿ, ‘ಸಾವೇ’ ಎಂದು ಓದಿದಳು.

“ಮುಟ್ಬೇಡ ಕಣೇ! ಒತ್ತಿದ್ರೆ ಗಂಗಿಗೆ ಸಾವೇ ಅಂತ ಬರ್ದವ್ರೆ.”

“ಇಂಗ್ಲಿಷ್ ಆಟ್ದಾಗೆ ಕನ್ನಡ ಯಾಕ್ ಬರೀತಾರೆ?” ಎಂದೆ.

“ಪಕ್ಕದ್ ಮನೆ ತಮಿಳ್ನೋರೂ ಸಾವು ಅಂತಾನೇ ಅನ್ನೋದು. ಎಲ್ರಿಗೂ ಅರ್ತ ಆಗ್ಲಿ ಅಂತ ಆಕವ್ರೆ.”

ಮೂರು ನಾಲ್ಕು ಭಾಷೆ ಬೆರೆತ ನಮ್ಮ ಸೀಮೆಯಲ್ಲಿ ಈ ವಾದಕ್ಕೆ ಎದುರು ಹೇಳುವುದು ಕಷ್ಟ. ಸಂಜೆ ಮಾವನನ್ನು ಕೇಳಿದರೆ ಅವನೂ ಲತಾಳ ಕಡೆಗೇ ಸೇರಿದ.

“ಗಣಿಗೆ ಇಳಿದ್ಮೇಲೆ ನಾವು ಆ ಮಾತೇ ಆಡ್ತಿರ್ಲಿಲ್ಲ. ನೀವೂ ಅದರ ತಂಟೆಗೆ ಓಗ್ಬೇಡ್ರಮ್ಮ.”

ಹಾಗಾಗಿ ಗಂಗಿ ದಿನವೂ ಮೊದಲಿಂದ ಶುರು. ಬೆಳಿಗ್ಗೆ ಮುದ್ದೆ ನುಂಗಿ ಕೂತರೆ ಕರೆಂಟು ಹೋಗುವವರೆಗೂ ನಾವು ಏಳುತ್ತಿರಲಿಲ್ಲ. ಬಿಸಿಯಾದ ಪೆಟ್ಟಿಗೆಯಿಂದ ಸುಟ್ಟ ಧೂಳಿನ ವಾಸನೆ, ಬೆರಳಿಗೆಲ್ಲ ಮಾವಿನಕಾಯಿಯ ಉಪ್ಪುಖಾರ. ಚಿನ್ನ ತೆಗೆದ ಮಣ್ಣು ಸುರಿದ ಸೈನೈಡ್ ಗುಡ್ಡದ ಕಡೆಯಿಂದ ಧೂಳುಗಾಳಿ ಎದ್ದರೆ ಅತ್ತೆ ಓಡಿಬಂದು, ಮೊದಲು ಕಂಪ್ಯೂಟರಿಗೆ ಸೀರೆ ಹೊದಿಸಿ ಆಮೇಲೆ ನಮ್ಮನ್ನು ಬೈಯುತ್ತಿದ್ದಳು.

ರೈಲು ಇಳಿದು ಬಂದ ಮಾವ ಚಪ್ಪಲಿ ಬಿಡುವ ಮುಂಚೆಯೇ ಕೇಳುತ್ತಿದ್ದ: “ಗಂಗಿ ಮೇಲಕ್ ಬಂದ್ಲಾ?”

ಭಾನುವಾರ ನಮ್ಮ ಹಿಂದೆಯೇ ಕೂತು, “ಗೋಡೆ ತಟ್ಟಿ ನೋಡು, ಟೊಳ್ಳು ಸದ್ದು ಬಂದ್ರೆ ನಿಲ್ಬೇಡ” ಎಂದು ಹೇಳಿಕೊಡುತ್ತಿದ್ದ. ಗಂಗಿಗೆ ಗೋಡೆ ತಟ್ಟುವ ವಿದ್ಯೆ ಬರುವುದಿಲ್ಲ ಎಂದರೆ ನಂಬುತ್ತಿರಲಿಲ್ಲ. ಒಂದು ಸಲ ಚಾವಣಿ ಕುಸಿದು ಅವಳು ಕಲ್ಲಿನಡಿ ಸಿಕ್ಕಿದಳು. ನಾವು ಥತ್ ಎಂದು ಮತ್ತೆ ಶುರುಮಾಡಿದೆವು, ಮಾವ ಎದ್ದು ಹೊರಗೆ ಹೋದ. ಅವತ್ತು ಅವನು ಊಟಕ್ಕೂ ಬರಲಿಲ್ಲ. ಶಾಲೆ ಶುರುವಾಗುವುದರೊಳಗೆ ಅವಳನ್ನು ಮೇಲಕ್ಕೆ ತಂದೇ ತರಬೇಕೆಂದು ನಾವಿಬ್ಬರೂ ಆಣೆ ಮಾಡಿಕೊಂಡೆವು.

ಆಗಲಿಲ್ಲ. ರಜೆಯ ಕೊನೆಯ ದಿನ ಒಂದು ಬಾವಿಯ ಮೆಟ್ಟಿಲವರೆಗೆ ತಲುಪಿದ್ದೆವು, ಮೇಲೆ ಬೆಳಕು ಕಾಣುತ್ತಿತ್ತು. ಕರೆಂಟು ಹೋಯಿತು. ಕ್ಯಾಸಂಬಳ್ಳಿಯ ಬಸ್ಸಿನಲ್ಲಿ ನಾನು ಊರು ಬರುವವರೆಗೂ ಅಳುತ್ತಲೇ ಇದ್ದೆ. ಮುಂದಿನ ವರ್ಷ ಹೋಗುವಷ್ಟರಲ್ಲಿ ಪೆಟ್ಟಿಗೆಯೊಳಗೆ ಇರುವೆ ಗೂಡು ಕಟ್ಟಿ ಎಲ್ಲ ಕೆಟ್ಟಿತ್ತು.

ಈಗ ನಾನು ಹೈಸ್ಕೂಲಿನಲ್ಲಿ ಪಾಠ ಹೇಳುತ್ತೇನೆ. ಹೋದ ತಿಂಗಳು ಅದೇ ಆಟ ನನ್ನ ಲ್ಯಾಪ್‌ಟಾಪಿಗೆ ಸಿಕ್ಕಿತು. ಒಲೆಯ ಮೇಲೆ ಅನ್ನ ಆಗುವಷ್ಟರಲ್ಲಿ ಡೌನ್‌ಲೋಡ್ ಆಗಿಯೇ ಹೋಯಿತು. ಅಂದು ಅಷ್ಟು ಚೆಲುವೆಯಾಗಿ ಕಂಡಿದ್ದ ಗಂಗಿಯ ಮೂಗು ಇಟ್ಟಿಗೆ ಚೂರಿನಂತಿತ್ತು, ಆದರೂ ನೋಡಿದ ಕೂಡಲೇ ‘ಗಂಗೀ’ ಎಂದು ಕೂಗಿಬಿಟ್ಟೆ. ದಿನಾ ಸಂಜೆ ಒಂದಿಷ್ಟು ಆಡುವುದು, ಸೇವ್ ಮಾಡುವುದು, ಮುಚ್ಚಿಡುವುದು. ಹನ್ನೆರಡನೆಯ ದಿನ ಆ ಬಾವಿಯ ಮೆಟ್ಟಿಲು ಬಂತು. ಅಲ್ಲಿಗೆ ನಿಲ್ಲಿಸಿದೆ. ಮುಂದಿನದನ್ನು ಒಬ್ಬಳೇ ನೋಡಲು ಮನಸ್ಸು ಬರಲಿಲ್ಲ.

ಮಾವ ಈಗ ಬಂಗಾರಪೇಟೆಯಲ್ಲಿ ಲತಾಳ ಮನೆಯಲ್ಲಿದ್ದಾನೆ. ಉಸಿರು ಸಾಲದು, ನಾಲ್ಕು ಮಾತಿಗೊಮ್ಮೆ ನಿಲ್ಲುತ್ತಾನೆ. ಮರುದಿನ ಭಾನುವಾರ, ಹೋಗಿ ಅವನ ಮಂಚದ ಮೇಲೆಯೇ ಲ್ಯಾಪ್‌ಟಾಪ್ ಇಟ್ಟೆ. ಲತಾ ಒಲೆ ಆರಿಸಿ ಬಂದಳು. ಗಂಗಿ ಒಂದೊಂದೇ ಮೆಟ್ಟಿಲು ಹತ್ತಿ ಹುಲ್ಲುಗಾವಲಿನ ಬಿಸಿಲಿಗೆ ಬಂದು ನಿಂತಳು. ಮಾವ ಎರಡೂ ಕೈ ಎತ್ತಿ ಮುಗಿದ. ಅವನ ಮುಖದಲ್ಲಿ ಅಷ್ಟು ಸಂತೋಷ ನೋಡಿ ಎಷ್ಟೋ ವರ್ಷವಾಗಿತ್ತು.

ಆ ಖುಷಿಯಲ್ಲಿ ನಾನು ಮೇಷ್ಟರಗಿರಿ ತೋರಿಸಿದೆ. “ಮಾವ, ಅದು ಸಾವೇ ಅಲ್ಲ, ಸೇವ್. ಒತ್ತಿದ್ರೆ ಅವ್ಳು ಎಲ್ಲವ್ಳೋ ಅಲ್ಲೇ ಇರ್ತಾಳೆ. ನಾಳೆ ಅಲ್ಲಿಂದ್ಲೇ ಆಡ್ಬೋದು.”

ಲತಾ ಹೊಟ್ಟೆ ಹಿಡಿದು ನಕ್ಕಳು. ಮಾವ ನಗಲಿಲ್ಲ.

“ಅಂಗಾದ್ರೆ… ರಾತ್ರೆಲ್ಲಾ ಆ ಮಗೀನ ಒಳಗೇ ಬಿಟ್ಬುಡೋದಾ?”

ಏನೂ ತಿಳಿಯದಿದ್ದ ಆ ಬೇಸಿಗೆಯಲ್ಲಿ ನಾವು ಅವಳನ್ನು ಒಂದು ರಾತ್ರಿಯೂ ಹಾಗೆ ಬಿಟ್ಟಿರಲಿಲ್ಲ. ಎಲ್ಲ ತಿಳಿದ ಮೇಲೆ ಹನ್ನೆರಡು ರಾತ್ರಿ ಅವಳನ್ನು ಕತ್ತಲಲ್ಲಿ ನಿಲ್ಲಿಸಿ, ನಾನು ಹಾಯಾಗಿ ಮಲಗಿದ್ದೆ. ಒಂದು ಸಲವೂ ಅವಳ ಯೋಚನೆ ಬಂದಿರಲಿಲ್ಲ.

ಮಾವ ನನ್ನ ಮುಖವನ್ನೇ ನೋಡುತ್ತಿದ್ದ.

“ಇಲ್ಲ ಮಾವ,” ಎಂದೆ, “ಬೆಳಿಗ್ಗೆ ಇಳಿದ್ಲು, ಸಂಜೆಗೆಲ್ಲ ಬಂದ್ಬುಟ್ಳು.”