ಮುನೆಮ್ಮತ್ತೆಯ ಹಾಡನ್ನು ತಿದ್ದಿದ್ದು

ಮೊನ್ನೆ ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರಕ್ಕೆ ಬರುವಾಗ ಬಸ್ಸಿನ ಪಕ್ಕದಲ್ಲೇ ಒಬ್ಬ ಮೊಪೆಡ್ಡಿನ ಮೇಲೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೇರಿಕೊಂಡು ನಿಂತಿದ್ದ. ಹೊರೆಗೆ ಒದ್ದೆ ಗೋಣಿತಾಟು ಹೊದಿಸಿತ್ತು. ಆ ಹಸಿ ಸೊಪ್ಪಿನ ವಾಸನೆ ಕಿಟಕಿಯಿಂದ ಒಳಗೆ ಬಂದದ್ದೇ ತಡ, ನನ್ನ ಕಣ್ಣಲ್ಲಿ ನೀರು. ಪಕ್ಕದ ಹೆಂಗಸು "ಧೂಳು ಬಿತ್ತೇನಮ್ಮ?" ಎಂದಳು. ಹೌದೆಂದೆ. ಇನ್ನೇನು ಹೇಳಲಿ? ಇಲ್ಲದ ಮನೆಯೊಂದು ಮೂಗಿಗೆ ಬಡಿಯಿತು ಎಂದರೆ ಬಸ್ಸಿನಲ್ಲಿ ಯಾರು ನಂಬುತ್ತಾರೆ! ನಿಮಗೂ ಅಂಥ ಮನೆಯೊಂದು ಇದ್ದರೆ ನನ್ನ ಸಂಕಟ ಗೊತ್ತಾಗುತ್ತದೆ. ನಮ್ಮದು ಶಿಡ್ಲಘಟ್ಟದ ಆಚೆಯ ಹಳ್ಳಿಯಲ್ಲಿ ಮಣ್ಣಿನ ಮಾಳಿಗೆಯ ಮನೆ. ಮನುಷ್ಯರಿಗೆ ಎರಡು ಕೋಣೆ, ರೇಷ್ಮೆ ಹುಳಕ್ಕೆ ಇಡೀ ನಡುಮನೆ. ತಟ್ಟೆಗಳಿಗೆ ಸೊಪ್ಪು ಹಾಕಿದ ಮೇಲೆ ಹುಳ ಮೇಯುವ ಸದ್ದು ಸೋನೆ ಹಿಡಿದ ಹಾಗೆ ಕೇಳುತ್ತಿತ್ತು. ಅದನ್ನು ಕೇಳುತ್ತಲೇ ನಾವು ಉಣ್ಣುತ್ತಿದ್ದೆವು, ಮಲಗುತ್ತಿದ್ದೆವು. ಹುಳ ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ; ನಾಲ್ಕನೇ ಜ್ವರ ಎದ್ದ ಹುಳಕ್ಕೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಈಗ ಅಲ್ಲಿ ಸೈಟು ಮಾಡಿ ಕಲ್ಲು ನೆಟ್ಟಿದ್ದಾರೆ.

ಆ ಮನೆಯನ್ನು ಆಳುತ್ತಿದ್ದವಳು ಮುನೆಮ್ಮತ್ತೆ, ನಮ್ಮಪ್ಪನ ಅಕ್ಕ. ಗಂಡ ಸತ್ತ ಮೇಲೆ ಕೈಗೂಸು ಆಂಜಿಯನ್ನು ಎತ್ತಿಕೊಂಡು ತವರಿಗೆ ಬಂದವಳು. ಅಕ್ಷರ ಬಾರದು, ಬಾಯಿ ಮಾತ್ರ ಜೋರು. ನಮ್ಮ ಕಡೆಯವರೆಲ್ಲರ ಹಾಗೆ ಅರ್ಧ ಕನ್ನಡ, ಅರ್ಧ ತೆಲುಗು. ಸಾವಿನ ಮನೆಯಲ್ಲಿ ಹೆಣದ ತಲೆಯ ಬಳಿ ಕೂತು ಹಾಡಿಕೊಂಡು ಅಳುವುದರಲ್ಲಿ ಅವಳಂಥವಳು ಸುತ್ತ ಹತ್ತೂರಿನಲ್ಲಿ ಇರಲಿಲ್ಲ. ಸತ್ತವರ ನಡಿಗೆ, ಜಿಪುಣತನ, ಇಷ್ಟದ ಸಾರು, ಸೊಸೆಯ ಜೊತೆ ಆಡಿದ ಜಗಳ ಎಲ್ಲವೂ ಆ ಹಾಡಿನಲ್ಲಿ ಬರುತ್ತಿದ್ದವು. ಅವಳು ಬರುವ ತನಕ ಹೆಣ ಎತ್ತುತ್ತಿರಲಿಲ್ಲ. "ಮುನೆಮ್ಮ ಹಾಡಿದ್ರೆ ಸತ್ತೋರಿಗೂ ಹೋಗೋಕೆ ಮನಸ್ಸಾಗಲ್ಲ ಕಣಮ್ಮ" ಎಂದು ಊರಿನ ಹೆಂಗಸರು ಹೇಳುತ್ತಿದ್ದರು.

ಅವಳು ಸೊಂಟದ ಮೇಲೆ ಹೊತ್ತು ಸಾಕಿದ ತಮ್ಮನೇ ನಮ್ಮ ಚಿಕ್ಕಪ್ಪ. ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ. ಭಾನುವಾರ ಬಂದರೆ ಜಗಲಿಯಲ್ಲಿ ಕೂತು, ಸೊಪ್ಪು ಹೆಚ್ಚುತ್ತಿದ್ದ ನಮಗೆ ಇಂಗ್ಲೆಂಡಿನ ರಮ್ಯಕವಿಗಳ ಕಥೆ ಹೇಳುತ್ತಿದ್ದ. ಕವಿತೆಗೆ ಪಂಡಿತರ ಮಾತು ಬೇಡ, ಹೊಲದಲ್ಲಿ ಬೆವರು ಸುರಿಸುವವರ ಬಾಯಿಮಾತೇ ಸಾಕು ಎಂದು ಅವರು ಜಗಳ ಆಡಿದರಂತೆ. ಎದೆ ತುಂಬಿದಾಗ ಕವಿತೆ ತಾನಾಗಿ ಉಕ್ಕುತ್ತದಂತೆ. ಆದರೆ ಅದನ್ನು ಮನಸ್ಸು ತಣ್ಣಗಾದ ಮೇಲೆ ನೆನೆದುಕೊಂಡು ಬರೆಯಬೇಕಂತೆ. ಹೇಳುತ್ತಾ ಹೇಳುತ್ತಾ ಅವನ ಮುಖ ಕೆಂಪಾಗುತ್ತಿತ್ತು. "ನಮ್ಮಕ್ಕನ ಬಾಯಲ್ಲಿ ಇರೋದು ಅದೇ ಕಣ್ರೋ. ನಾವು ದಡ್ಡರು, ಲೈಬ್ರರಿಲಿ ಹುಡುಕ್ತೀವಿ" ಎನ್ನುತ್ತಿದ್ದ. ಅತ್ತೆ ಒಳಗಿನಿಂದಲೇ "ಮೊದ್ಲು ಸೊಪ್ಪು ಹೆಚ್ಚಲಿ ಬಿಡಪ್ಪ, ಹುಳ ಕವಿತೆ ತಿನ್ನಲ್ಲ" ಎಂದು ಕೂಗುತ್ತಿದ್ದಳು. ಅಯ್ಯೋ, ಎಷ್ಟು ನಗುತ್ತಿದ್ದೆವು ಆಗ!

ನನಗೆ ಹನ್ನೊಂದು ವರ್ಷ. ಒಂದು ಬೆಳಗ್ಗೆ ಸೊಪ್ಪು ಕೊಯ್ಯಲು ತೋಟಕ್ಕೆ ಹೋದ ಆಂಜಿಯನ್ನು ಹಾವು ಕಚ್ಚಿತು. ಇಪ್ಪತ್ತರ ಹುಡುಗ; ಆಸ್ಪತ್ರೆಯ ದಾರಿಯಲ್ಲೇ ಹೋಗಿಬಿಟ್ಟ. ಮುನೆಮ್ಮತ್ತೆ ಯಾರ್ಯಾರದೋ ಮಕ್ಕಳಿಗೆ ಹಾಡಿದ್ದವಳು, ಆವತ್ತು ತನ್ನ ಮಗನಿಗೆ ಹಾಡಿದಳು. ನಾನು ಅವಳ ಸೆರಗು ಹಿಡಿದು ಪಕ್ಕದಲ್ಲೇ ಕೂತಿದ್ದೆ. "ಯಾಡಿಕಿ ಪೋತಿವಿರಾ ನಾಯನಾ" ಎಂದು ತೆಲುಗಿನಲ್ಲಿ ಶುರುಮಾಡಿದಳು, ಎಲ್ಲಿಗೆ ಹೋದೆಯೋ ನನ್ನಪ್ಪಾ ಎಂದು. ಆಮೇಲೆ ಕನ್ನಡಕ್ಕೆ ಬಂದಳು. ಹುಳ ನಾಲ್ಕನೇ ಜ್ವರ ಎದ್ದು ಹಸಿದು ಕೂತೈತೆ, ಸೊಪ್ಪು ತರ್ತೀನಿ ಅಂದೋನು ಬರಿಗೈಲಿ ಬಂದೆಯಲ್ಲೋ. ಹೊಸ ಚಪ್ಪಲಿ ಎಡಗಾಲು ಕಚ್ತೈತೆ ಅಂದೆ, ಎಣ್ಣೆ ಹಚ್ಚಿ ಇಟ್ಟಿದ್ನಲ್ಲೋ, ಹಾಕ್ಕೊಂಡು ಹೋಗಿದ್ರೆ ಹಾವಿನ ಹಲ್ಲು ಚಪ್ಪಲಿಗೆ ಸಿಕ್ತಿತ್ತಲ್ಲೋ. ಬಾಗಿಲ ಬಳಿ ನಿಂತಿದ್ದ ಚಿಕ್ಕಪ್ಪ ಗೋಡೆಗೆ ಹಣೆ ಚಚ್ಚಿಕೊಂಡು ಅಳುತ್ತಿದ್ದ.

ಆರು ತಿಂಗಳಾದ ಮೇಲೆ ಅವನು ಒಂದು ನೋಟ್‌ಬುಕ್ ಹಿಡಿದುಕೊಂಡು ಬಂದ. "ಅಕ್ಕಾ, ಆವತ್ತು ಹಾಡಿದ್ದನ್ನ ಇನ್ನೊಂದ್ಸಲ ಹೇಳು, ಬರ್ಕೊಳ್ತೀನಿ. ಆಂಜಿ ಹೆಸರು ಉಳೀಲಿ" ಎಂದ. ಪಾಪ, ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅಕ್ಕನ ಮನಸ್ಸು ಈಗ ತಣ್ಣಗಾಗಿರುತ್ತದೆ ಎಂದು ಲೆಕ್ಕ ಹಾಕಿದ್ದನೋ ಏನೋ. ಅತ್ತೆ ಅವನನ್ನೇ ನೋಡಿದಳು. "ಆವತ್ತು ಮಗ ಮುಂದೆ ಮಲಗಿದ್ನಪ್ಪ. ಈಗ ಯಾರಿಗೆ ಅಂತ ಹೇಳ್ಲಿ?" ಎಂದಳು. ತಮ್ಮ ಬೇಸರ ಮಾಡಿಕೊಳ್ಳುತ್ತಾನೆಂದು ಎರಡು ಸಾಲು ಹೇಳಿದಳು, ಮೂರನೆಯದನ್ನು ಅರ್ಧಕ್ಕೇ ಬಿಟ್ಟು ಎದ್ದು ಹುಳದ ತಟ್ಟೆಗಳ ಕಡೆ ಹೋದಳು. ಆಗ ನಾನು, ಮಹಾ ಜಾಣೆ, "ಚಿಕ್ಕಪ್ಪ, ನಂಗೆ ಪೂರ್ತಿ ಬಾಯಿಗೆ ಬರುತ್ತೆ" ಎಂದೆ. ಜಗಲಿಯಲ್ಲಿ ಕೂತು ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿಬಿಟ್ಟೆ. ಅವನು ಬೆನ್ನು ತಟ್ಟಿದ. ಆ ತಟ್ಟಿದ ಕೈ ನೆನಪಾದರೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಅದು ಅಚ್ಚಾಯಿತು. ಮೇಲೆ ಅತ್ತೆಯ ಹೆಸರು. ಚಿಕ್ಕಪ್ಪ ಮೈಸೂರುಪಾಕಿನ ಪೊಟ್ಟಣ ತಂದು, ಅಕ್ಕನನ್ನು ಚಾಪೆಯ ಮೇಲೆ ಕೂರಿಸಿ, ನನ್ನ ಕೈಗೆ ಪುಸ್ತಕ ಕೊಟ್ಟು ಓದು ಎಂದ. ಓದುತ್ತಾ ಹೋದರೆ ತೆಲುಗು ಇಲ್ಲ, ಚಪ್ಪಲಿ ಇಲ್ಲ, ಜ್ವರ ಎದ್ದ ಹುಳವೂ ಇಲ್ಲ. ಅದರ ಜಾಗದಲ್ಲಿ ಬಾಡಿದ ಹೂವು, ನಂದಿದ ದೀಪ, ಶೂನ್ಯ ಗಗನ. ಬಾಯಿಮಾತೇ ಕವಿತೆ ಎಂದು ವರ್ಷಗಟ್ಟಲೆ ಪಾಠ ಹೇಳಿದವನಿಗೆ ಅಚ್ಚು ಹಾಕಿಸುವಾಗ ಅದ್ಯಾಕೆ ಹೆದರಿಕೆಯಾಯಿತೋ, ನಾಲ್ಕು ಜನ ಓದಿದವರು ತನ್ನ ಅಕ್ಕನನ್ನು ನೋಡಿ ನಕ್ಕಾರು ಎಂದುಕೊಂಡನೋ, ದೇವರಿಗೇ ಗೊತ್ತು. ಅತ್ತೆ ಕೈಕಟ್ಟಿ ಪೂರ್ತಿ ಕೇಳಿಸಿಕೊಂಡಳು. "ಚೆನ್ನಾಗೈತಪ್ಪ. ಪಾಪ, ಯಾರ ಮಗ ಹೋಗಿದ್ದು?" ಎಂದಳು. ಕೊಂಕು ಮಾತಲ್ಲ, ನಿಜವಾಗಿಯೇ ಕೇಳಿದ್ದು. ಚಿಕ್ಕಪ್ಪನ ಮುಖ ಕಪ್ಪಿಟ್ಟಿತು. "ನಿಂದೇ ಅಕ್ಕ, ನಮ್ಮ ಆಂಜಿದು. ಸ್ವಲ್ಪ ತಿದ್ದಿದೀನಿ ಅಷ್ಟೇ" ಎಂದ. ಅವಳು ನನ್ನ ಕೈಯಲ್ಲಿದ್ದ ಪುಸ್ತಕವನ್ನು ನೋಡಿ, "ನಾನು ಅಷ್ಟೊಂದು ತಪ್ಪು ತಪ್ಪಾಗಿ ಅತ್ತಿದ್ನೇನಪ್ಪ?" ಎಂದಳು. ಮೈಸೂರುಪಾಕನ್ನು ಯಾರೂ ಮುಟ್ಟಲಿಲ್ಲ.

ಅಲ್ಲಿಂದ ಅವಳು ಹಾಡುವುದನ್ನೇ ಬಿಟ್ಟಳು. ಕರೆಯಲು ಬಂದವರಿಗೆ "ನಂಗೆ ಸರ್ಯಾಗಿ ಬರಲ್ಲಮ್ಮ, ಓದ್ದೋಳಲ್ಲ" ಎನ್ನುತ್ತಿದ್ದಳು. ಹೋದರೂ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹಿಂದೆ ಕೂರುತ್ತಿದ್ದಳು. ಚಿಕ್ಕಪ್ಪ ಕಾಲು ಹಿಡಿದು ಕ್ಷಮೆ ಕೇಳಿದ, ಸಂಚಿಕೆಯನ್ನು ಒಲೆಗೆ ಹಾಕಿದ, ಏನೂ ಪ್ರಯೋಜನವಾಗಲಿಲ್ಲ. "ಬಿಡಪ್ಪ, ಒಳ್ಳೇದಕ್ಕೇ ಮಾಡ್ದೆ" ಎಂದು ಅವಳೇ ಸಮಾಧಾನ ಹೇಳುತ್ತಿದ್ದಳು. ರಮ್ಯಕವಿಗಳ ಮಾತು ಆಮೇಲೆ ಅವನ ಬಾಯಲ್ಲಿ ನಮ್ಮ ಮನೆಯಲ್ಲಿ ಒಮ್ಮೆಯೂ ಬರಲಿಲ್ಲ. ನಾನು ಬೆಳೆದು ಚಿಂತಾಮಣಿಯ ಶಾಲೆಯೊಂದರಲ್ಲಿ ಕನ್ನಡ ಟೀಚರಾದೆ. ಮಕ್ಕಳ ವಾಕ್ಯ ತಿದ್ದಿಯೇ ಅನ್ನ ತಿನ್ನುತ್ತಿದ್ದೇನೆ. ಕೆಂಪು ಪೆನ್ನು ಹಿಡಿದಾಗ ಕೆಲವೊಮ್ಮೆ ಕೈ ಸುಮ್ಮನೆ ನಿಂತುಬಿಡುತ್ತದೆ.

ಹೋದ ವರ್ಷ ಚಿಕ್ಕಪ್ಪ ತೀರಿಕೊಂಡ. ಚಿಕ್ಕಬಳ್ಳಾಪುರದ ಮನೆಯ ಹಾಲ್‌ನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಮಲಗಿಸಿದ್ದರು. ಎಂಬತ್ತು ದಾಟಿದ ಅತ್ತೆಯನ್ನು ಇಬ್ಬರು ಹಿಡಿದುಕೊಂಡು ಬಂದರು. ಊರಿನಿಂದ ಬಂದಿದ್ದ ಹೆಂಗಸರು ತಾವಾಗಿ ಸರಿದು, ತಲೆಯ ಕಡೆ ಅವಳಿಗೆ ಜಾಗ ಬಿಟ್ಟರು. ಎಲ್ಲರೂ ಅವಳ ಬಾಯನ್ನೇ ನೋಡುತ್ತಿದ್ದರು. ಅವಳು ಗಾಜಿನ ಮೇಲೆ ಅಂಗೈ ಇಟ್ಟಳು. "ನಾಯನಾ" ಎಂದಳು, ಅಲ್ಲಿಗೇ ನಿಂತಳು. ನನಗೆ ತಡೆಯಲಾಗಲಿಲ್ಲ. ಪಕ್ಕದಲ್ಲಿ ಕೂತು, "ಹಾಡು ಅತ್ತೆ, ನಿನ್ನ ಬಾಯಿಗೆ ಹೆಂಗೆ ಬರುತ್ತೋ ಹಂಗೇ ಹಾಡು. ನಿನ್ನ ತಮ್ಮ ಕಣೇ" ಎಂದು ಬೇಡಿಕೊಂಡೆ. ಅವಳು ನನ್ನ ಕಡೆ ತಿರುಗಿದಳು. ಕರಿಹಲಗೆಯ ಮುಂದೆ ನಿಲ್ಲಿಸಿದ ಮಗುವಿನ ಕಣ್ಣು ಅವಳದು.

"ಬೇಡ ಕಣೇ" ಎಂದಳು. "ತಪ್ಪಾದ್ರೆ ತಿದ್ದಕ್ಕೆ ಅವನೂ ಇಲ್ಲವಲ್ಲೇ."

ಹನ್ನೆರಡು ಗಂಟೆಗೆ ಚಿಕ್ಕಪ್ಪನನ್ನು ಎತ್ತಿದರು. ಯಾರೂ ಹಾಡಲಿಲ್ಲ.